ಜಾಲವನ್ನು ಕಾಯುವ ತರುಣರ ನಡುವೆ

ದೂರದೂರದಲ್ಲಿರುವವರು ಕುಳಿತಲ್ಲಿಂದಲೇ ಒಬ್ಬರ ಮುಖವನ್ನೊಬ್ಬರು ನೋಡುತ್ತ ಮಾತನಾಡಬಲ್ಲ ಈ ಕಾಲದಲ್ಲಿ, ಆ ಸೌಕರ್ಯವನ್ನು ಕಲ್ಪಿಸಿಕೊಡುವ ಜನರೇ ಸಾವಿರಾರು ಮೈಲಿ ಪ್ರಯಾಣ ಮಾಡಿ ಒಂದೂರಿನಲ್ಲಿ ಸೇರುವುದೇಕೆ? ಈ ಪ್ರಶ್ನೆಯನ್ನು ಮೊದಲು ಕೇಳಿದವರು ನಾವಲ್ಲ. ನಮ್ಮ ಮನೆಗೆ ಹಿರಿಯರಾದ ನಮ್ಮ ತಾಯಿಯವರು. ನಮ್ಮ ಅಣ್ಣನ ಮಗಳು ಮಲೆನಾಡಿನ ತಾಲ್ಲೂಕು ಪಟ್ಟಣವೊಂದರಲ್ಲಿ, ಮನೆಮನೆಗೆ ಅಂತರ್ಜಾಲದ ಸಂಪರ್ಕವನ್ನು ಒದಗಿಸುವ ಒಂದು ಚಿಕ್ಕ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದಾಳೆ. 2018ನೆಯ ಇಸವಿಯ ಫೆಬ್ರವರಿಯಲ್ಲಿ ನೇಪಾಳದ ಕಠ್ಮಂಡುವಿನಲ್ಲಿ ಸೇರಲಿದ್ದ ‘ಏಪ್ರಿಕಾಟ್’ ಎಂಬ ಸಮ್ಮೇಳನಕ್ಕೆ, ಪ್ರಯಾಣ ವಸತಿಗಳ ವೆಚ್ಚವನ್ನೂ ಭರಿಸುವ ಫೆಲೋಷಿಪ್ಪಿನೊಡನೆ, ಅವಳಿಗೆ ಆಹ್ವಾನ ಬಂದಿತು.

“ಏಪ್ರಿಕಾಟ್ ಎಂದರೆ ಜರ್ದಾಲು ಹಣ್ಣಲ್ಲವೇನೋ? ಹಣ್ಣಿನ ಹೆಸರಿನ ಸಭೆಯೇ?” ಎಂದು ತಾಯಿಯವರು ನಕ್ಕರು. ಆ ಮೇಲೆ ಗಂಭೀರವಾಗಿ, “ಎಲ್ಲವನ್ನೂ ತಂತಿಯ ಮೇಲೆಯೇ ಮಾತನಾಡುವವರು ಎದುರುಬದುರು ಕುಳಿತು ಮಾಡುವುದೇನು? ಪ್ರಾಯದ ಹುಡುಗಿಯನ್ನು ಅಷ್ಟು ದೂರ ಕಳುಹಿಸಲೇಬೇಕೇ?” ಎಂದರು. ಉತ್ತರವು ನಮಗೂ ತಿಳಿದಿರಲಿಲ್ಲ. ಸ್ವಂತ ಖರ್ಚಿನಲ್ಲಿ ಜೊತೆಗೆ ಹೋಗಿ, ಪ್ರವೇಶಶುಲ್ಕವನ್ನು ತೆತ್ತು, ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲವನ್ನೂ ನೋಡಿಕೊಂಡು ಬರುವುದಾಗಿ ನಾವು ಒಪ್ಪಿಕೊಂಡೆವು. ಆ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರವನ್ನೇ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಆ ಸಭೆಯ ಪರಿಚಯವನ್ನು ಹೇಳಬೇಕು. ‘ಏಷ್ಯಾ ಪೆಸಿಫಿಕ್ ರೀಜನಲ್ ಇಂಟರ್ನೆಟ್ ಕಾನ್ಫರೆನ್ಸ್ ಆನ್ ಆಪರೇಷನಲ್ ಟೆಕ್ನಾಲಜೀಸ್’ ಎಂಬ ಉದ್ದನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಏಪ್ರಿಕಾಟ್’ ಆಗುವುದು. ಇದು ಮೊದಲು ಸೇರಿದ್ದು 1996ರಲ್ಲಿ, ಸಿಂಗಪುರದಲ್ಲಿ; ಅಂದಿನಿಂದ ವರ್ಷಕ್ಕೊಮ್ಮೆ ಬೇರೆ ಬೇರೆ ನಗರಗಳಲ್ಲಿ ಸೇರುತ್ತ ಬಂದಿದೆ. 2012ರಲ್ಲಿ ನಮ್ಮ ದೆಹಲಿಯಲ್ಲಿಯೂ ನಡೆದಿತ್ತು. ಇದರ ಜೊತೆಯಲ್ಲಿಯೇ ‘ಏಪ್‌ನಿಕ್’ ಎಂಬ ಸಂಸ್ಥೆಯ ಸಭೆಯೂ ಕೂಡುವುದುಂಟು. ಮನೆಗಳಿಗೆ ಬಾಗಿಲ ಸಂಖ್ಯೆಯಿರುವಂತೆ ಅಂತರ್ಜಾಲಕ್ಕೆ ಸೇರಿದ ಯಂತ್ರಗಳಿಗೂ ಸಂಖ್ಯೆಗಳು ಬೇಕು. ಅವುಗಳನ್ನು ಹಂಚುವ ಪ್ರಾದೇಶಿಕ ಸಂಸ್ಥೆಗಳು ಜಗತ್ತಿನಲ್ಲಿ ಐದಿವೆ. ಏಷ್ಯಾ ಮತ್ತು ಪೆಸಿಫಿಕ್ ಭಾಗದ 56 ನಾಡುಗಳ ಪಾಲಿಗೆ ಇರುವುದೇ ಏಪ್‌ನಿಕ್. ಅದರ ಕಚೇರಿಯು ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿದೆ.

ಆಹ್ವಾನ ಬಂದರೂ ಹುಡುಗಿಗೆ ಹೋಗುವ ಮನಸ್ಸಿರಲಿಲ್ಲ. ಕಾರಣವನ್ನು ಅವಳು ನಮಗೆ ಮಾತ್ರ ಹೇಳಿದಳು. ಕೆಲವು ತಿಂಗಳ ಹಿಂದೆ, ರೂಟರ್ ಎಂಬ ದಾರಿ ತೋರುವ ಯಂತ್ರಕ್ಕೆ ಆದೇಶ ಕೊಡುವಾಗ ಅವಳು ಒಂದು ಅಂಕಿಯನ್ನು ತಪ್ಪಾಗಿ ಒತ್ತಿದ್ದಳು. ಪಟ್ಟಣದ ಸಂಪರ್ಕವೆಲ್ಲ ಮೂರು ಗಂಟೆಗಳ ಕಾಲ ಕಡಿದುಹೋಯಿತು. ಅದು ಪರೀಕ್ಷೆಯ ಅರ್ಜಿಗಳನ್ನು ಸಲ್ಲಿಸುವ ಕಡೆಯ ದಿನದ ಸಂಜೆಯಾಗಿತ್ತು. ಅಂಗಡಿಗಳ ಮುಂದೆ ಕಾದು ನಿಂತ ಮಕ್ಕಳನ್ನು ಅವಳು ಕಣ್ಣಾರೆ ಕಂಡಿದ್ದಳು. “ಚಿಕ್ಕಪ್ಪ, ಅಲ್ಲಿಗೆ ಬರುವವರೆಲ್ಲ ದೊಡ್ಡ ತಜ್ಞರು. ಇಂಥ ತಪ್ಪು ಮಾಡಿದ ನಾನು ಯಾವ ಮುಖ ಹೊತ್ತು ಹೋಗಲಿ?” ಎಂದು ಕೇಳಿದಳು. ತಪ್ಪು ಮಾಡಿದವರೇ ಅಲ್ಲವೇ ಕಲಿಯಲು ಹೋಗಬೇಕಾದವರು ಎಂದು ಸಮಾಧಾನ ಹೇಳಿ ಹೊರಡಿಸಿದೆವು.

ದೆಹಲಿಯ ಮಾರ್ಗವಾಗಿ ಕಠ್ಮಂಡುವನ್ನು ಸೇರಿದಾಗ ಚಳಿ ಇನ್ನೂ ಹೋಗಿರಲಿಲ್ಲ. 2015ನೆಯ ಏಪ್ರಿಲ್ 25ರ ಭೂಕಂಪದ ಗುರುತುಗಳೂ ಅಳಿದಿರಲಿಲ್ಲ. ಹಳೆಯ ಅರಮನೆಯ ಚೌಕದಲ್ಲಿ ಬಿರುಕುಬಿಟ್ಟ ಗೋಡೆಗಳು ಮರದ ತೊಲೆಗಳ ಆಸರೆಯಲ್ಲಿ ನಿಂತಿದ್ದವು. ಸಮುದ್ರತೀರವೇ ಇಲ್ಲದ, ಬೆಟ್ಟಗಳಿಂದ ತುಂಬಿದ ಈ ನಾಡಿನವರು ಅಂತರ್ಜಾಲವನ್ನು ಕಟ್ಟಿಕೊಂಡ ಬಗೆಯು ಕೇಳತಕ್ಕದ್ದಾಗಿದೆ. ಒಂದೇ ನಗರದ ಎರಡು ಮನೆಗಳ ನಡುವಣ ಪತ್ರವು ಪರದೇಶವನ್ನು ಸುತ್ತಿ ಬರುವುದು ವ್ಯರ್ಥವೆಂದು ತಿಳಿದು, ಅಲ್ಲಿನ ಸಂಸ್ಥೆಗಳು 2002ರಲ್ಲಿಯೇ ತಮ್ಮತಮ್ಮೊಳಗಿನ ಸಂಚಾರಕ್ಕೆ ಒಂದು ಕೂಡುಕಟ್ಟೆಯನ್ನು ಏರ್ಪಡಿಸಿಕೊಂಡವು. ಮಹಾವೀರ ಪುನ್ ಎಂಬ ಉಪಾಧ್ಯಾಯರು ಮ್ಯಾಗ್ದಿ ಜಿಲ್ಲೆಯ ನಾಂಗಿಯೆಂಬ ತಮ್ಮ ಹಳ್ಳಿಗೆ ತಂತಿಯಿಲ್ಲದೆ ಗಾಳಿಯ ಮೂಲಕವೇ ಸಂಪರ್ಕವನ್ನು ತಂದು, ಸುತ್ತಲಿನ ಬೆಟ್ಟದೂರುಗಳಿಗೂ ಹರಡಿದರು. 2007ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯು ದೊರೆಯಿತು. ಗುಡ್ಡದ ಮೇಲಿನ ಒಂಟಿ ಮನೆಗೆ ತಂತಿಯೆಳೆಯುವ ಕಷ್ಟವನ್ನು ಬಲ್ಲ ನಮ್ಮ ಹುಡುಗಿಯು ಈ ಸಂಗತಿಗಳನ್ನು ಕಿವಿಗೊಟ್ಟು ಕೇಳಿದಳು.

ಮೊದಲಿನ ದಿನಗಳು ಪಾಠಗಳಿಗೆ ಮೀಸಲಾಗಿದ್ದವು. ಫೆಲೋಗಳಾಗಿ ಬಂದ ತರುಣ ತರುಣಿಯರು ಅಭ್ಯಾಸಕ್ಕೆಂದೇ ಜೋಡಿಸಿದ ಯಂತ್ರಗಳ ಮುಂದೆ ಕುಳಿತು ದಿನವಿಡೀ ದುಡಿಯುತ್ತಿದ್ದರು. ರಾತ್ರಿಯ ಊಟದಲ್ಲಿ ಆ ದಿನದ ಪಾಠವು ನಮಗೂ ದೊರೆಯುತ್ತಿತ್ತು. ಹಳೆಯ ಪದ್ಧತಿಯ ವಿಳಾಸಸಂಖ್ಯೆಗಳು ಒಟ್ಟು 429 ಕೋಟಿಯಷ್ಟೆ. ಅವುಗಳ ಕೇಂದ್ರ ಭಂಡಾರವು 2011ನೆಯ ಫೆಬ್ರವರಿ 3ರಂದೇ ಬರಿದಾಯಿತು. ಅದೇ ವರ್ಷದ ಏಪ್ರಿಲ್‌ನಿಂದ ಏಪ್‌ನಿಕ್ ತನ್ನ ಕೊನೆಯ ಗಂಟನ್ನು ಪಡಿತರದಂತೆ ಹಂಚತೊಡಗಿ, ಒಂದು ಸಂಸ್ಥೆಗೆ ಅದರಿಂದ 1024ಕ್ಕಿಂತ ಹೆಚ್ಚು ಕೊಡದೆಹೋಯಿತು. 2019ರಲ್ಲಿ ಈ ಮಿತಿಯು 512ಕ್ಕೆ ಇಳಿಯಿತು. ಹೊಸ ಪದ್ಧತಿಯಲ್ಲಾದರೋ ಸಂಖ್ಯೆಗಳಿಗೆ ಕೊರತೆಯಿಲ್ಲ. ಅವುಗಳ ಮೊತ್ತವನ್ನು ಬರೆದರೆ 39 ಅಂಕಿಗಳಷ್ಟು ಉದ್ದವಾಗುವುದು. ಆದರೆ ಹಳೆಯದನ್ನು ಒಮ್ಮೆಗೇ ಕೈಬಿಡುವಂತಿಲ್ಲ. ಎರಡನ್ನೂ ಕೂಡಿಸಿಕೊಂಡು ನಡೆಯುವುದೇ ಈ ತರುಣರ ನಿತ್ಯದ ಕೆಲಸ.

ಒಂದು ರಾತ್ರಿ ನಮ್ಮ ಮೇಜಿಗೆ ಪಾಕಿಸ್ತಾನದಿಂದ ಬಂದ ಒಬ್ಬ ತರುಣನು ಕುಳಿತನು. ಹತ್ತು ವರ್ಷಗಳ ಹಿಂದೆ, 2008ನೆಯ ಫೆಬ್ರವರಿ 24ರಂದು, ತನ್ನ ನಾಡಿನಿಂದ ನಡೆದ ಪ್ರಮಾದವನ್ನು ಅವನು ಸಂಕೋಚವಿಲ್ಲದೆ ವಿವರಿಸಿದನು. ಯೂಟ್ಯೂಬನ್ನು ತಡೆಯಬೇಕೆಂದು ಅಲ್ಲಿ ಸರಕಾರಿ ಆಜ್ಞೆಯಾಗಿತ್ತು. ಅಲ್ಲಿನ ದೂರವಾಣಿ ಸಂಸ್ಥೆಯು ಆ ವಿಳಾಸಗಳು ತನ್ನಲ್ಲಿಯೇ ಇವೆಯೆಂದು ತನ್ನ ಜಾಲದೊಳಗೆ ಸಾರಿತು; ಆ ಸಾರಿಕೆಯು ಗಡಿ ದಾಟಿ ಹೊರಗೆ ಹರಿಯಿತು. ಹೆಚ್ಚು ನಿಖರವಾಗಿ ವಿಳಾಸವನ್ನು ಹೇಳಿದವರ ಮಾತನ್ನೇ ಮೊದಲು ನಂಬುವುದು ದಾರಿ ತೋರುವ ಯಂತ್ರಗಳ ಸ್ವಭಾವ. ಹೀಗಾಗಿ ಸುಮಾರು ಎರಡು ಗಂಟೆಗಳ ಕಾಲ ಜಗತ್ತಿನ ಬಹುಭಾಗದ ಜನರಿಗೆ ಯೂಟ್ಯೂಬ್ ದೊರೆಯದೆಹೋಯಿತು.

ಇದನ್ನು ಕೇಳಿ ನಾವು ಬೆರಗಾದೆವು. ಊರ ಹೊರಗೆ ನಿಂತ ಯಾರೋ ಒಬ್ಬನು “ಆ ಮನೆಗೆ ಹೋಗುವ ದಾರಿ ಇದೇ” ಎಂದರೆ ಅಂಚೆಯೆಲ್ಲವೂ ಅವನ ಕಡೆಗೇ ಹರಿಯುವಂತೆ, ಇಷ್ಟು ದೊಡ್ಡ ವ್ಯವಸ್ಥೆಯು ಪರಸ್ಪರರ ಮಾತಿನ ಮೇಲೆ ನಿಂತಿದೆಯೇ? ಹೌದು, ಬಹುಮಟ್ಟಿಗೆ ಹಾಗೆಯೇ ನಿಂತಿದೆಯೆಂದು ಅವನು ಹೇಳಿದನು. ಯಾವ ವಿಳಾಸವನ್ನು ಸಾರುವ ಹಕ್ಕು ಯಾರದೆಂಬುದಕ್ಕೆ ಮುದ್ರೆಯೊತ್ತಿದ ಪತ್ರವನ್ನು ಬರೆದಿಟ್ಟು, ಉಳಿದವರು ಅದನ್ನು ನೋಡಿ ತಾಳೆಹಾಕುವ ‘ಆರ್‌ಪಿಕೆಐ’ ಎಂಬ ಕ್ರಮವು ಈಗ ಬಳಕೆಗೆ ಬಂದಿದೆ. ಆದರೆ ಪ್ರತಿಯೊಂದು ಸಂಸ್ಥೆಯೂ ತನ್ನ ಪತ್ರವನ್ನು ತಾನೇ ಬರೆದಿಡಬೇಕು. ನಮ್ಮ ಹುಡುಗಿಯ ಸಂಸ್ಥೆಯಲ್ಲಿ ಅದನ್ನು ಇನ್ನೂ ಮಾಡಿರಲಿಲ್ಲ.

ಮರುದಿನದ ಗೋಷ್ಠಿಯಲ್ಲಿ, ಪ್ರಶ್ನೆಗಳನ್ನು ಕೇಳುವ ಸಮಯ ಬಂದಾಗ, ಅವಳು ಎದ್ದು ಧ್ವನಿವರ್ಧಕದ ಬಳಿಗೆ ನಡೆದುದನ್ನು ಕಂಡು ನಮ್ಮ ಎದೆ ಡವಗುಟ್ಟಿತು. ತನ್ನ ಹೆಸರನ್ನೂ ಊರನ್ನೂ ಹೇಳಿ, ಪರೀಕ್ಷೆಯ ಅರ್ಜಿಯ ಸಂಜೆಯಂದು ತಾನು ಮಾಡಿದ ತಪ್ಪನ್ನು ಯಾವುದನ್ನೂ ಮುಚ್ಚಿಡದೆ ತಿಳಿಸಿ, “ಒಬ್ಬರೇ ಕೆಲಸ ಮಾಡುವ ಚಿಕ್ಕ ಸಂಸ್ಥೆಯವರು ಇದನ್ನು ತಡೆಯುವುದು ಹೇಗೆ?” ಎಂದು ಕೇಳಿದಳು. ಸಭೆಯಲ್ಲಿ ಯಾರೂ ನಗಲಿಲ್ಲ, ಅನೇಕರು ತಲೆದೂಗಿದರು. ನರೆತ ತಲೆಯ ಎಂಜಿನಿಯರೊಬ್ಬರು ಎದ್ದು, ತಾವೂ ಒಮ್ಮೆ ಹಾಗೆಯೇ ಮಾಡಿದ್ದುಂಟೆಂದು ಹೇಳಿ, ಮೂರು ಉಪಾಯಗಳನ್ನು ಕೊಟ್ಟರು. ಬದಲಾವಣೆಯನ್ನು ಮೊದಲು ಕಾಗದದ ಮೇಲೆ ಬರೆದು ದೂರದ ಸ್ನೇಹಿತರೊಬ್ಬರಿಗಾದರೂ ಕಳುಹಿಸಿ ಓದಿಸಬೇಕು. ಹತ್ತು ನಿಮಿಷಗಳೊಳಗೆ ತಾನು ಸರಿಯೆಂದು ಹೇಳದಿದ್ದರೆ ಹಿಂದಿನ ಸ್ಥಿತಿಗೇ ಮರಳಬೇಕೆಂದು ಯಂತ್ರಕ್ಕೆ ಮೊದಲೇ ಆಜ್ಞಾಪಿಸಬೇಕು. ಮುಖ್ಯ ದಾರಿ ಮುಚ್ಚಿದರೂ ಯಂತ್ರವನ್ನು ತಲುಪಲು ಬೇರೊಂದು ಚಿಕ್ಕ ದಾರಿಯನ್ನು ಇಟ್ಟುಕೊಂಡಿರಬೇಕು. ಗೋಷ್ಠಿ ಮುಗಿದ ಮೇಲೆ, ಅವಳ ಕೆಲಸವನ್ನು ತಾವು ಓದಿನೋಡುವೆವೆಂದು ನಾಲ್ವರು ಮುಂದೆ ಬಂದರು. ಅವರಲ್ಲೊಬ್ಬಳು ನೇಪಾಳದವಳು, ಇನ್ನೊಬ್ಬನು ಆ ಪಾಕಿಸ್ತಾನದ ತರುಣ.

ಸಂಖ್ಯೆಗಳನ್ನು ಹಂಚುವ ನಿಯಮಗಳ ಚರ್ಚೆಯನ್ನೂ ನೋಡಿದೆವು. ಅಲ್ಲಿ ಯಾರು ಬೇಕಾದರೂ ಮಾತನಾಡಬಹುದು. ಬರಿಯ ಬಹುಮತದಿಂದ ತೀರ್ಮಾನವಾಗುವುದಿಲ್ಲ. ವಿರೋಧಿಸುವವರ ಕಾರಣವನ್ನು ಕೇಳಿ, ಒಮ್ಮತಕ್ಕೆ ಬಂದಂತೆ ಕಂಡರೆ ಮಾತ್ರ ಪ್ರಸ್ತಾಪವು ಮುಂದುವರಿಯುವುದು. ಇಂತಹ ಸಭೆಗಳಲ್ಲಿ ಇನ್ನೊಂದು ಪದ್ಧತಿಯೂ ಉಂಟು. ಗುಪ್ತಪತ್ರಗಳಿಗೆ ಬೇಕಾದ ತಮ್ಮ ಕೀಲಿಯ ಗುರುತನ್ನು ಒಬ್ಬೊಬ್ಬರೂ ಓದಿ ಹೇಳಿ, ರಹದಾರಿಯನ್ನು ತೋರಿಸುವರು. ಉಳಿದವರು ಮುಖವನ್ನೂ ಪತ್ರವನ್ನೂ ತಾಳೆನೋಡಿ, ‘ಈ ಕೀಲಿಯು ಇವರದೇ’ ಎಂದು ಸಾಕ್ಷಿ ಹಾಕುವರು. ಎಷ್ಟು ಸೂಕ್ಷ್ಮವಾದ ಗಣಿತವಿದ್ದರೂ ಕೊನೆಗೆ ಒಬ್ಬ ಮನುಷ್ಯನು ಇನ್ನೊಬ್ಬನ ಮುಖವನ್ನು ನೋಡಬೇಕಾಯಿತು!

ಹೊರಡುವ ದಿನ ಬೆಳಗ್ಗೆ ಪಶುಪತಿನಾಥನ ದರ್ಶನಕ್ಕೆ ಹೋದೆವು. ಆ ದೇವಾಲಯದ ಪ್ರಧಾನ ಅರ್ಚಕರನ್ನು ದಕ್ಷಿಣದೇಶದಿಂದ, ವಿಶೇಷವಾಗಿ ನಮ್ಮ ಕರ್ನಾಟಕದ ಕಡೆಯಿಂದ, ಕರೆಯಿಸಿಕೊಳ್ಳುವುದು ಬಹುಕಾಲದ ಸಂಪ್ರದಾಯ. ತಂತಿಯೂ ರೈಲೂ ಇಲ್ಲದಿದ್ದಾಗಲೂ ಅಷ್ಟು ದೂರದ ಎರಡು ನಾಡುಗಳನ್ನು ಕಟ್ಟಿಹಾಕಿದ್ದುದು ವಿಶ್ವಾಸವೊಂದೇ ಅಲ್ಲವೇ ಎಂದುಕೊಂಡೆವು. ಊರಿಗೆ ಬಂದು ತಾಯಿಯವರ ಪ್ರಶ್ನೆಗೆ ಇದನ್ನೇ ಉತ್ತರವಾಗಿ ಹೇಳಿದೆವು. ಅವರು ಕ್ಷಣಕಾಲ ಯೋಚಿಸಿ, “ಹಾಗಾದರೆ ನೆಂಟಸ್ತಿಕೆ ಬೆಳೆಸುವುದಕ್ಕೆ ಮೊದಲು ಮನೆ ನೋಡಿ ಬರುವ ಹಾಗೆ ಅನ್ನು” ಎಂದರು. ನಮ್ಮ ಉತ್ತರಕ್ಕಿಂತ ಅದೇ ಚೆನ್ನಾಗಿತ್ತು.

ಅದೇ ವರ್ಷ ಹುಡುಗಿಯು ತನ್ನ ಸಂಸ್ಥೆಯ ಹಕ್ಕುಪತ್ರವನ್ನು ಬರೆದಿಡಿಸಿದಳು. ಹತ್ತು ನಿಮಿಷದ ಆಜ್ಞೆಯಿಲ್ಲದೆ ಅವಳು ಇಂದಿಗೂ ಯಂತ್ರವನ್ನು ಮುಟ್ಟುವುದಿಲ್ಲ. ಮರುವರ್ಷ ಪರೀಕ್ಷೆಯ ಅರ್ಜಿಗಳ ಕಡೆಯ ದಿನ ಅವಳು ರಾತ್ರಿ ಹನ್ನೆರಡರವರೆಗೆ ಕಚೇರಿಯಲ್ಲಿಯೇ ಕುಳಿತಿದ್ದಳು. ಸಂಪರ್ಕವು ಒಂದು ಗಳಿಗೆಯೂ ಕಡಿಯಲಿಲ್ಲ.

ಮನೆಯಲ್ಲಿ ಇಂತಹ ವೃತ್ತಿಯ ಮಕ್ಕಳಿರುವ ಗೃಹಸ್ಥರು ಅನೇಕರಿದ್ದಾರೆ. ಅವರ ಕೆಲಸವು ನಮಗೆ ಅರ್ಥವಾಗದಿರಬಹುದು. ಆದರೆ ಅವರು ಹೊತ್ತಿರುವ ಭಾರವು ನಮ್ಮೆಲ್ಲರದು. ಇಂತಹ ಆಹ್ವಾನವು ಬಂದಲ್ಲಿ ದೂರವೆಂದು ಹಿಂಜರಿಯದೆ ಕಳುಹಿಸಿಕೊಡಿರಿ. ಅಲ್ಲಿ ದೊರೆಯುವುದು ವಿದ್ಯೆಯೊಂದೇ ಅಲ್ಲ. ತಪ್ಪಿದಾಗ ಅರ್ಧರಾತ್ರಿಯಲ್ಲಿಯೂ ಕರೆಯಬಹುದಾದ ನಾಲ್ಕು ಜನ ಸ್ನೇಹಿತರು.