ಪಸ್ಕ, ವಲ್ಹಾಂಡಣ, ಪೆಸಹಾ

ಕನ್ನಡ ಸತ್ಯವೇದದಲ್ಲಿ ‘ಪಸ್ಕ’ ಎಂದಿರುವ ಹಬ್ಬವನ್ನು ಮರಾಠಿ ಬೈಬಲ್ ‘ವಲ್ಹಾಂಡಣ’ ಎನ್ನುತ್ತದೆ. ಕನ್ನಡವು ಗ್ರೀಕಿನ ‘ಪಾಸ್ಖ’ದ ಧ್ವನಿಯನ್ನು ಉಳಿಸಿಕೊಂಡಿತು, ಮರಾಠಿ ಅರ್ಥವನ್ನು ಹಿಡಿಯಿತು. ಮರಾಠಿಯಲ್ಲಿ ‘ಓಲಾಂಡಣೆ’ ಎಂದರೆ ದಾಟುವುದೆಂಬುದನ್ನು ಗಡಿಭಾಗದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೀಬ್ರೂ ಮೂಲದ ‘ಪೆಸಹ್’ ಎಂಬ ಪದವನ್ನೂ ಸಾಮಾನ್ಯವಾಗಿ ದಾಟಿಹೋಗುವುದೆಂದೇ ಅರ್ಥೈಸುತ್ತಾರೆ.

ದಾಟಿಹೋದದ್ದು ಮೃತ್ಯು. ಐಗುಪ್ತದಲ್ಲಿ ದಾಸರಾಗಿದ್ದ ಇಸ್ರಾಯೇಲರು ಕುರಿಮರಿಯ ರಕ್ತವನ್ನು ಬಾಗಿಲ ನಿಲುವುಗಳಿಗೆ ಹಚ್ಚಿದರು. ಆ ಗುರುತಿದ್ದ ಮನೆಗಳನ್ನು ಸಂಹಾರವು ಬಿಟ್ಟು ಮುಂದೆ ಸಾಗಿತು. ಹೊರಡುವ ಅವಸರದಲ್ಲಿ ನಾದಿದ ಹಿಟ್ಟು ಹುಳಿಯಾಗಲು ಸಮಯವಿರಲಿಲ್ಲ. ಹುಳಿಯಿಲ್ಲದ ರೊಟ್ಟಿ ಹಬ್ಬದ ಆಹಾರವಾದುದು ಹೀಗೆ ಎಂದು ವಿಮೋಚನಕಾಂಡ ಹೇಳುತ್ತದೆ. ಇಂದಿಗೂ ಯೆಹೂದ್ಯರ ಮನೆಗಳಲ್ಲಿ ಆ ರಾತ್ರಿ ಅತಿ ಕಿರಿಯ ಮಗು ಈ ರಾತ್ರಿಯ ವಿಶೇಷವೇನೆಂದು ಕೇಳುತ್ತದೆ. ಹಿರಿಯರು ಕಥೆ ಹೇಳುತ್ತಾರೆ.

ಯೇಸು ಯೆಹೂದ್ಯನಾಗಿದ್ದನು. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಅವನ ಕಡೆಯ ಭೋಜನ ಪಸ್ಕದ ಊಟವೇ. ಯೋಹಾನನಾದರೋ ಶಿಲುಬೆಯ ಮರಣವನ್ನು ಪಸ್ಕದ ಸಿದ್ಧತೆಯ ದಿನಕ್ಕೆ ಸೇರಿಸುತ್ತಾನೆ. ದಿನ ಹೊಂದುವುದಿಲ್ಲ, ನಿಜ. ಆದರೆ ಪಸ್ಕವನ್ನು ಬಿಟ್ಟು ಆ ಮರಣವನ್ನು ಹೇಳುವುದು ನಾಲ್ವರಿಗೂ ಸಾಧ್ಯವಾಗಲಿಲ್ಲ.

ಈ ಬೇರನ್ನು ಸಭೆ ಬಹುಕಾಲ ಮರೆಯಿತು. 325ರ ನಿಕಾಯ ಸಭೆಯು ಈಸ್ಟರಿನ ದಿನಗಣನೆಯನ್ನು ಯೆಹೂದಿ ಪಂಚಾಂಗದ ಆಶ್ರಯದಿಂದ ಬಿಡಿಸಿತು. ಮಧ್ಯಯುಗದ ಯುರೋಪಿನಲ್ಲಿ ಯೆಹೂದ್ಯರು ಕ್ರೈಸ್ತ ಮಕ್ಕಳನ್ನು ಕೊಲ್ಲುತ್ತಾರೆಂಬ ಸುಳ್ಳು ಆರೋಪ ಪಸ್ಕದ ಕಾಲದಲ್ಲೇ ಹೆಚ್ಚಾಗಿ ಏಳುತ್ತಿತ್ತು, ಅದರ ಬೆನ್ನಿಗೆ ಕೊಲೆಗಳೂ ನಡೆದವು. ಯೇಸುವಿನ ಮರಣದ ಹೊಣೆಯನ್ನು ಯೆಹೂದ್ಯರೆಲ್ಲರ ಮೇಲೆ ಹೊರಿಸಲಾಗದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ಸಾರಿದ್ದು 1965ರಲ್ಲಿ.

ಈಚೆಗೆ ಕೆಲವು ಚರ್ಚುಗಳು ಪಸ್ಕದ ಊಟವಾದ ‘ಸೇದೆರ್’ ಅನ್ನು ತಾವೇ ಏರ್ಪಡಿಸುತ್ತವೆ. ಆದರೆ ಇಂದಿನ ಸೇದೆರಿನ ಕ್ರಮ ಬಹುಮಟ್ಟಿಗೆ ರೂಪುಗೊಂಡದ್ದು 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದ ನಂತರ. ಯೇಸು ಉಂಡದ್ದು ಇದೇ ಎನ್ನುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಇನ್ನೊಬ್ಬರು ಈಗಲೂ ಆಚರಿಸುತ್ತಿರುವ ಹಬ್ಬಕ್ಕೆ ತಮ್ಮ ಅರ್ಥ ತುಂಬುವುದಕ್ಕಿಂತ ಅವರ ಮನೆಗೆ ಅತಿಥಿಯಾಗಿ ಹೋಗುವುದು ಲೇಸು.

ಕೇರಳದ ಸಂತ ತೋಮಾ ಕ್ರೈಸ್ತರ ದಾರಿ ಬೇರೆ. ಹೀಬ್ರೂವಿನ ಸೋದರಭಾಷೆಯಾದ ಸಿರಿಯಾಕ್ ಮೂಲಕ ಬಂದ ‘ಪೆಸಹಾ’ ಎಂಬ ಹೆಸರಿನಲ್ಲೇ ಅವರು ಪವಿತ್ರ ಗುರುವಾರದ ರಾತ್ರಿ ಅಕ್ಕಿ, ಉದ್ದಿನ ಹಿಟ್ಟನ್ನು ಹುಳಿಬರಿಸದೆ ಅಪ್ಪ ಬೇಯಿಸುತ್ತಾರೆ. ಮೇಲೆ ಗರಿಯ ಶಿಲುಬೆ. ಮನೆಯ ಯಜಮಾನ ಮುರಿದು ಹಂಚುತ್ತಾನೆ. ತೆಂಗಿನ ಹಾಲು, ಬೆಲ್ಲದ ಪಾನಕದಲ್ಲಿ ಅದ್ದಿ ತಿನ್ನುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪ ಮಾಡುವುದಿಲ್ಲ, ನೆರೆಯವರು ತಂದುಕೊಡುತ್ತಾರೆ.