ಸಾಲಿನ ನಡುವೆ ನಿಂತ ಮನೆ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣ ತುದಿಯಲ್ಲಿ, ಕಲ್ಲಿದ್ದಲು ತುಂಬಿದ ಬೆಟ್ಟಗಳ ನಡುವೆ ಮೆಕ್‌ಡೊವೆಲ್ ಕೌಂಟಿ ಇದೆ. 2000ದ ಜನಗಣತಿ ಅಲ್ಲಿನ ಮನೆಗಳ ಹಿಂದಿನ ವರ್ಷದ ಆದಾಯವನ್ನು ಕೇಳಿದಾಗ ಸಿಕ್ಕ ಮಧ್ಯಾಂಕ 16,931 ಡಾಲರ್. ಇಡೀ ದೇಶದ ಮಧ್ಯಾಂಕ ಆಗ 41,994 ಡಾಲರ್. ಮುಂದೆ 2006ರಿಂದ 2010ರವರೆಗಿನ ಸಮೀಕ್ಷೆಯಲ್ಲಿ ಮೆಕ್‌ಡೊವೆಲ್‌ನ ಅಂಕಿ 22 ಸಾವಿರ ದಾಟಿತು. ಸುಮಾರು ಶೇ 30ರ ಏರಿಕೆ! ಆದರೆ ಅಷ್ಟರಲ್ಲಿ ಬೆಲೆಗಳೂ ಹೆಚ್ಚುಕಡಿಮೆ ಅಷ್ಟೇ ಏರಿದ್ದವು. ಹಣದುಬ್ಬರ ಕಳೆದು ನೋಡಿದರೆ ಹತ್ತು ವರ್ಷದಲ್ಲಿ ಗಳಿಕೆ ಇದ್ದಲ್ಲೇ ಇತ್ತು.

ಮಧ್ಯಾಂಕ ಅರ್ಥವಾಗುವುದು ಸುಲಭ. 101 ಮನೆಗಳನ್ನು ಆದಾಯದ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ 51ನೆಯ ಮನೆಯ ಆದಾಯವೇ ಮಧ್ಯಾಂಕ. ಗಣಿ ಮಾಲೀಕನೊಬ್ಬ ಕೋಟಿ ಗಳಿಸಿದರೆ ಸರಾಸರಿ ಹಾರುತ್ತದೆ, ನಡುವಿನ ಮನೆಯ ಅಂಕಿ ಕದಲುವುದಿಲ್ಲ. ಹಾಗಾಗಿಯೇ ಒಂದು ಊರಿನ ಬದುಕನ್ನು ಅಳೆಯಲು ಸರಾಸರಿಗಿಂತ ಇದು ನಂಬಿಕೆಗೆ ಹತ್ತಿರ.

ಕಷ್ಟವಿರುವುದು ಆ ಸಾಲನ್ನು ಕಟ್ಟುವುದರಲ್ಲಿ. 2000ದವರೆಗೆ ಜನಗಣತಿಯಲ್ಲಿ ಸುಮಾರು ಆರು ಮನೆಗೊಂದಕ್ಕೆ ಉದ್ದನೆಯ ಪ್ರಶ್ನಾವಳಿ ಹೋಗುತ್ತಿತ್ತು. ಆದಾಯದ ಪ್ರಶ್ನೆ ಇದ್ದದ್ದು ಅದರಲ್ಲೇ. ಉತ್ತರ ತಕ್ಕಮಟ್ಟಿಗೆ ಗಟ್ಟಿ, ಆದರೆ ಹತ್ತು ವರ್ಷಕ್ಕೊಮ್ಮೆ ಮಾತ್ರ. ನಡುವೆ ಗಣಿ ಮುಚ್ಚಿದರೂ ತೆರೆದರೂ ಮುಂದಿನ ಜನಗಣತಿಯವರೆಗೆ ಅದು ಹೊಸ ಅಂಕಿಯಾಗಿ ಕಾಣುತ್ತಿರಲಿಲ್ಲ. 2005ರಿಂದ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿರುವ ಅಮೆರಿಕನ್ ಕಮ್ಯುನಿಟಿ ಸರ್ವೆ ವರ್ಷವಿಡೀ, ತಿಂಗಳು ತಿಂಗಳೂ ಮನೆಗಳನ್ನು ವಿಚಾರಿಸುತ್ತದೆ. ಆದರೆ 65,000ಕ್ಕಿಂತ ಕಡಿಮೆ ಜನರಿರುವ ಕೌಂಟಿಯಲ್ಲಿ ಒಂದು ವರ್ಷಕ್ಕೆ ಸಿಗುವ ಉತ್ತರಗಳು ಸಾಲುವುದಿಲ್ಲ. ಅದಕ್ಕೇ ಐದು ವರ್ಷಗಳ ಉತ್ತರಗಳನ್ನು ಒಟ್ಟು ಮಾಡಿ, ಎಲ್ಲವನ್ನೂ ಕೊನೆಯ ವರ್ಷದ ಡಾಲರ್ ಬೆಲೆಗೆ ತಂದು ಒಂದು ಅಂಕಿ ಕೊಡುತ್ತಾರೆ. ಜೊತೆಗೆ ‘ಇಷ್ಟು ಹೆಚ್ಚು ಅಥವಾ ಕಡಿಮೆ ಇರಬಹುದು’ ಎಂಬ ಅಂತರವನ್ನೂ ಮುದ್ರಿಸುತ್ತಾರೆ. ಸುದ್ದಿ ಬರೆಯುವವರು ಮೊದಲು ಕೈಬಿಡುವುದು ಈ ಅಂತರವನ್ನೇ. ಚಿಕ್ಕ ಕೌಂಟಿಗಳಲ್ಲಿ ಅದು ಸಾವಿರಾರು ಡಾಲರ್ ಇರುವುದುಂಟು. ಹಾಗಿರುವಾಗ ಐನೂರು ಡಾಲರ್ ಏರಿತೆಂದು ಸಂಭ್ರಮಿಸುವುದಕ್ಕೆ ಆಧಾರವೇ ಇಲ್ಲ. 2006–10ನ್ನು 2007–11ರ ಜೊತೆ ಹೋಲಿಸುವುದೂ ಸರಿಯಲ್ಲ, ಏಕೆಂದರೆ ಐದರಲ್ಲಿ ನಾಲ್ಕು ವರ್ಷಗಳ ಉತ್ತರಗಳು ಎರಡಕ್ಕೂ ಒಂದೇ. 2011–15ರ ಜೊತೆ ಹೋಲಿಸಬೇಕು.

ಪ್ರತಿ ವರ್ಷದ ಅಂಕಿಯೇ ಬೇಕೆಂದರೆ ಜನಗಣತಿ ಇಲಾಖೆಯಲ್ಲಿ ‘ಸೈಪಿ’ ಎಂಬ ಇನ್ನೊಂದು ಕಾರ್ಯಕ್ರಮವಿದೆ. ಇದರ ಲೆಕ್ಕ ಸಮೀಕ್ಷೆಯೊಂದನ್ನೇ ನೆಚ್ಚಿಕೊಂಡಿಲ್ಲ. ಆದಾಯ ತೆರಿಗೆ ವಿವರ, ಆಹಾರ ನೆರವು ಪಡೆಯುವವರ ಎಣಿಕೆ, ಹಳೆಯ ಜನಗಣತಿ ಇವೆಲ್ಲ ಆ ಕೌಂಟಿಯ ಆದಾಯ ಎಷ್ಟಿರಬೇಕೆಂದು ಸೂಚಿಸುತ್ತವೆ. ಆ ಊಹೆಯನ್ನು ಸಮೀಕ್ಷೆಯ ಉತ್ತರದ ಜೊತೆ ಬೆರೆಸುತ್ತಾರೆ. ಸಮೀಕ್ಷೆಗೆ ಸಿಕ್ಕ ಮನೆಗಳು ಹೆಚ್ಚಿದ್ದರೆ ಅದರ ಮಾತಿಗೆ ತೂಕ ಹೆಚ್ಚು, ಕಡಿಮೆಯಿದ್ದರೆ ಊಹೆಯ ಕಡೆಗೆ ವಾಲುತ್ತದೆ. ರಾಬರ್ಟ್ ಫೇ ಮತ್ತು ರೋಜರ್ ಹೆರಿಯಟ್ 1979ರಲ್ಲಿ ಪುಟ್ಟ ಊರುಗಳ ಆದಾಯ ಅಂದಾಜಿಸಲು ತೋರಿಸಿಕೊಟ್ಟ ದಾರಿ ಇದು. ಇಂದು ಜಗತ್ತಿನ ಹಲವು ದೇಶಗಳ ಅಂಕಿಅಂಶ ಇಲಾಖೆಗಳು ಇದನ್ನು ಬಳಸುತ್ತವೆ.

ಮೆಕ್‌ಡೊವೆಲ್‌ನಂಥ ಕಡೆ ಈ ಸುಳಿವುಗಳೂ ಪೂರ್ತಿ ಮಾತಾಡುವುದಿಲ್ಲ. ಅಂಗವಿಕಲ ಭತ್ಯೆಯಲ್ಲೋ ಪಿಂಚಣಿಯಲ್ಲೋ ಬದುಕುವ ಅನೇಕರು ತೆರಿಗೆ ವಿವರ ಸಲ್ಲಿಸಬೇಕಾಗಿಯೇ ಇಲ್ಲ, ಆದ್ದರಿಂದ ಆ ಕಡತಗಳಲ್ಲಿ ಅವರಿಲ್ಲ. ಇನ್ನು ಆಹಾರ ನೆರವಿನ ವಿಷಯ. ಅಧ್ಯಕ್ಷ ಕೆನಡಿ ಕಾಲದ ಪ್ರಾಯೋಗಿಕ ಫುಡ್ ಸ್ಟ್ಯಾಂಪ್ ಯೋಜನೆಯಲ್ಲಿ ಮೊದಲ ಚೀಟಿಗಳು ಸಿಕ್ಕಿದ್ದು ಇದೇ ಕೌಂಟಿಯ ನಿರುದ್ಯೋಗಿ ಗಣಿ ಕಾರ್ಮಿಕನ ಕುಟುಂಬಕ್ಕೆ, 1961ರ ಮೇ 29ರಂದು. ಈ ನೆರವು ಪಡೆಯುವವರ ಸಂಖ್ಯೆ ಆದಾಯದ ಸುಳಿವಾಗಿ ಲೆಕ್ಕಕ್ಕೆ ಬರುತ್ತದೆ. ಆದರೆ ನೆರವಿನ ಮೌಲ್ಯ ಆ ಮನೆಯ ಆದಾಯಕ್ಕೆ ಸೇರುವುದಿಲ್ಲ, ಯಾಕೆಂದರೆ ಲೆಕ್ಕದಲ್ಲಿ ಆದಾಯವೆಂದರೆ ಕೈಗೆ ಬಂದ ಹಣ ಮಾತ್ರ. ಬಡವರ ಊಟದ ತಟ್ಟೆಗೆ ಬಂದದ್ದನ್ನು ಹೀಗೆ ಹೊರಗಿಟ್ಟ ಅಂಕಿಯಿಂದ ಅವರ ಬದುಕಿನ ಮಟ್ಟವನ್ನು ಪೂರ್ತಿ ಅಳೆಯಲಾಗದು.

ಎಲ್ಲಕ್ಕಿಂತ ದೊಡ್ಡ ತೊಡಕು ಜನರೇ ಬದಲಾಗುವುದು. 1950ರಲ್ಲಿ ಮೆಕ್‌ಡೊವೆಲ್‌ನಲ್ಲಿ 98,887 ಜನರಿದ್ದರು. ಗಣಿಗಳಿಗೆ ಯಂತ್ರ ಬಂತು, 1980ರ ದಶಕದಲ್ಲಿ ಉಕ್ಕಿನ ಉದ್ಯಮ ಕುಸಿದು ಗಣಿಗಳು ಮುಚ್ಚಿದವು. 2000ದಲ್ಲಿ 27,329 ಜನ, 2020ರಲ್ಲಿ 19,111. ಹೀಗಿರುವಾಗ ಎರಡು ಕಾಲದ ಮಧ್ಯಾಂಕಗಳು ಒಂದೇ ಮನೆಗಳ ಕಥೆ ಹೇಳುವುದಿಲ್ಲ. ಕೆಲಸವಿಲ್ಲದ ಬಡ ಮನೆಗಳು ಗಂಟುಮೂಟೆ ಕಟ್ಟಿ ಹೊರಟರೆ, ಉಳಿದವರ ಸಂಬಳ ಒಂದು ಡಾಲರ್ ಹೆಚ್ಚದಿದ್ದರೂ ಮಧ್ಯಾಂಕ ಏರುತ್ತದೆ. ದುಡಿಯುವ ವಯಸ್ಸಿನವರು ಹೋಗಿ ವೃದ್ಧರು ಉಳಿದರೆ, ಯಾರ ಪಿಂಚಣಿಯೂ ಇಳಿಯದೆ ಮಧ್ಯಾಂಕ ಬೀಳುತ್ತದೆ. ಆದ್ದರಿಂದ ಆದಾಯದ ಅಂಕಿಯ ಪಕ್ಕದಲ್ಲೇ ಮನೆಗಳ ಸಂಖ್ಯೆಯನ್ನೂ ಅಲ್ಲಿರುವವರ ವಯಸ್ಸನ್ನೂ ಇಟ್ಟು ಓದಬೇಕು.

ಈ ಅಂದಾಜುಗಳು ಇಷ್ಟು ಎಚ್ಚರ ಬೇಡುವುದಕ್ಕೆ ಕಾರಣವಿದೆ. ‘ಸೈಪಿ’ ಕಾರ್ಯಕ್ರಮವೇ ಬಡ ಮಕ್ಕಳ ಎಣಿಕೆಯನ್ನೂ ಮಾಡುತ್ತದೆ, ಮತ್ತು ಟೈಟಲ್ ಒನ್ ಎಂಬ ಯೋಜನೆಯಡಿ ಕೇಂದ್ರ ಸರ್ಕಾರದ ಶಿಕ್ಷಣ ನೆರವು ಶಾಲಾ ಜಿಲ್ಲೆಗಳಿಗೆ ಹಂಚಿಕೆಯಾಗುವುದು ಆ ಎಣಿಕೆಯನ್ನು ಆಧರಿಸಿ. ಉತ್ತರಗಳು ವಿರಳವಾಗಿರುವ ಗುಡ್ಡಗಾಡಿನ ಕೌಂಟಿಯಲ್ಲಿ ಅಂದಾಜು ತುಸು ತಪ್ಪಿದರೂ ಅಲ್ಲಿನ ಶಾಲೆಗಳಿಗೆ ಸಿಗುವ ಹಣ ಏರುಪೇರಾಗುತ್ತದೆ.