ಪಾಯ ತೋಡುವ ಮೊದಲು ಸಿಕ್ಕ ಮಠ

ನೂರಾರು ವರ್ಷಗಳ ಹಿಂದೆ ಸತ್ತವರ ಹೊಟ್ಟೆಯಲ್ಲಿ ಹುಳು ಇತ್ತಾ ಅಂತ ಇವತ್ತು ಗೊತ್ತುಮಾಡಬಹುದಾ? ಖಂಡಿತ ಮಾಡಬಹುದು!

ಜಾಗ, ಇಂಗ್ಲೆಂಡಿನ ಕೇಂಬ್ರಿಜ್ ನಗರದ ನಟ್ಟನಡುವೆ. ವಿಶ್ವವಿದ್ಯಾಲಯ ತನ್ನ ಹಳೆಯ ಆವರಣವೊಂದನ್ನು ಹೊಸದಾಗಿ ಕಟ್ಟಲು ಹೊರಟಿತ್ತು. ಅದಕ್ಕೂ ಮೊದಲು ಪುರಾತತ್ವಜ್ಞರು ನೆಲ ಅಗೆದರು.

ಯಾಕೆ ಗೊತ್ತಾ? 1280ರ ದಶಕದಿಂದ 1538ರವರೆಗೆ ಅಲ್ಲಿ ಅಗಸ್ಟೀನಿಯನ್ ಸನ್ಯಾಸಿಗಳ ಮಠವಿತ್ತು. ಯುರೋಪಿನ ನಾನಾ ಕಡೆಯಿಂದ ಜನ ಓದಲು ಬರುತ್ತಿದ್ದ ವಿದ್ಯಾಕೇಂದ್ರ ಅದು. ದೊರೆ ಎಂಟನೇ ಹೆನ್ರಿಯ ಕಾಲದಲ್ಲಿ ಮುಚ್ಚಿಹೋಯಿತು.

ಅಗೆದಾಗ ಸಮಾಧಿಗಳು ಸಿಕ್ಕವು. ಅವುಗಳಲ್ಲಿದ್ದವರು ಸನ್ಯಾಸಿಗಳೇ ಅಂತ ಹೇಳಿದ್ದು ಸೊಂಟಪಟ್ಟಿಯ ಬಕಲ್. ಅವರನ್ನು ತೊಟ್ಟ ಉಡುಪಿನಲ್ಲೇ ಹೂಳುತ್ತಿದ್ದರು. ಬಟ್ಟೆ ಮಣ್ಣಾಯಿತು, ಲೋಹ ಉಳಿಯಿತು.

ಸಂಶೋಧಕರು ಅಸ್ಥಿಪಂಜರಗಳ ಸೊಂಟದ ಭಾಗದ ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲ್ಲಿತ್ತು ಜಂತುಹುಳುಗಳ ಮೊಟ್ಟೆ! 2022ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: 19 ಸನ್ಯಾಸಿಗಳಲ್ಲಿ 11 ಮಂದಿಗೆ ಹುಳು. ಅದೇ ಊರಿನ ಸಾಮಾನ್ಯ ಜನರಲ್ಲಿ 25ಕ್ಕೆ 8 ಮಾತ್ರ.

ಆ ಕಾಲದ ಮಠಗಳಲ್ಲಿ ಶೌಚಾಲಯ, ಕೈತೊಳೆಯುವ ವ್ಯವಸ್ಥೆ ಇರುತ್ತಿದ್ದವು. ಆದರೂ ಹೀಗೇಕೆ? ತರಕಾರಿ ತೋಟಕ್ಕೆ ಮಲವನ್ನೇ ಗೊಬ್ಬರವಾಗಿ ಹಾಕಿರಬಹುದು ಎನ್ನುತ್ತಾರೆ ಸಂಶೋಧಕರು.

ಈ ಸಂಗತಿ ಸಿಕ್ಕಿದ್ದು ಬರೀ ಮಣ್ಣಿನಿಂದ. ಜೆಸಿಬಿ ಮೊದಲು ಇಳಿದಿದ್ದರೆ ಎಲ್ಲವೂ ಲಾರಿ ಹತ್ತಿ ಹೋಗುತ್ತಿತ್ತು.

ನಿಮ್ಮೂರಲ್ಲಿ ಪಾಯ ತೋಡುವಾಗ ಶಾಸನ, ವಿಗ್ರಹ, ಹಳೆಯ ಗೋಡೆ ಕಂಡರೆ ಕೆಲಸ ನಿಲ್ಲಿಸಿ, ಪುರಾತತ್ವ ಇಲಾಖೆಗೆ ತಿಳಿಸಿ. ಕಟ್ಟಡ ನಾಲ್ಕು ದಿನ ತಡವಾದರೂ ಕಟ್ಟಬಹುದು. ಕಳೆದುಹೋದ ಚರಿತ್ರೆಯನ್ನು ಮತ್ತೆ ಕಟ್ಟಲಾಗದು.